ಇಲ್ಲೇ, ಒಂದು ಕೂಗಳತೆ

"ಇಲ್ಲೇ ಅಂದ್ರಲ್ರಿ! ಎಲ್ಲೈತೆ ನಿಮ್ಮ 'ಇಲ್ಲೇ'?"

ಗುರುಶಾಂತಳ ದನಿಗೆ ನಾಲೆಯ ಏರಿಯ ಮೇಲೆ ಮೇಯುತ್ತಿದ್ದ ಎಮ್ಮೆ ಕೂಡ ತಲೆಯೆತ್ತಿ ನೋಡಿತು.

ಬೈಸಿಕೊಂಡವನು ಮಾತ್ರ ಕದಲಲಿಲ್ಲ. ಬಿಳಿ ಅಂಗಿ, ಬಿಳಿ ಕ್ಯಾನ್‌ವಾಸ್ ಬೂಟು, ಕೊರಳಲ್ಲಿ ದಾರಕ್ಕೆ ಕಟ್ಟಿದ ವಿಷಲ್ಲು. ನಿಟ್ಟುವಳ್ಳಿ ದಾಟುವಾಗ "ನಾಲೆ ಸೇತುವೆ ಎಷ್ಟು ದೂರ?" ಎಂದು ಕೇಳಿದ್ದಕ್ಕೆ, "ಇಲ್ಲೇ ಐತ್ರಿ, ಒಂದು ಕೂಗಳತೆ" ಎಂದವನು ಇವನೇ. ಅದನ್ನು ನಂಬಿ ತಂದೆ ಮಗಳು ನಡೆದರು, ನಡೆದರು... ಸೇತುವೆಯ ಸುಳಿವೇ ಇಲ್ಲ! ಈಗ ಹಿಂದಿನಿಂದ ಸರಸರ ಬಂದು ಇವರನ್ನು ಕೂಡಿಕೊಂಡಿದ್ದ.

ಚೌಕಿಪೇಟೆಯ ಜವಳಿ ವ್ಯಾಪಾರಿ ವಾಮದೇವಪ್ಪನವರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಮನೆಯಿಂದ ಅಂಗಡಿಗೂ ಜಟಕಾ ಹತ್ತುತ್ತಿದ್ದ ಜೀವ ಅದು.

"ನಮ್ಮಪ್ಪಾಜಿಗೆ ಸಕ್ಕರೆ ಕಾಯಿಲೆ. ಡಾಕ್ಟ್ರು ದಿನಾ ಒಂಚೂರು ಅಡ್ಡಾಡ್ರಿ ಅಂದಾರೆ, ಕಾಶಿಯಾತ್ರೆ ಮಾಡ್ರಿ ಅಂದಿಲ್ಲ!"

"ತಪ್ಪಾತ್ರಿ," ಎಂದ ಅವನು. ನಗು ತಡೆದುಕೊಳ್ಳುತ್ತಿದ್ದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. "ಕೂಗಳತೆ ಅಂದ್ರೆ ಯಾರ ಕೂಗು ಅನ್ನೋದರ ಮ್ಯಾಲೆ ಐತ್ರಿ. ನಾನು ನಮ್ಮವ್ವನ ಕೂಗಿನ ಅಳತೆ ಹೇಳ್ಬಿಟ್ಟೆ. ನಮ್ಮವ್ವ ನಮ್ಮೂರು ಸಾರಥೀಲಿ ಹೊಲದ ಬದುವಿಗೆ ನಿಂತು 'ಊಟಕ್ಕೆ ಬರ್ರೋ' ಅಂದ್ರೆ, ಹೊಳಿ ಆಚೆ ದಡದಾಗಿನ ಮಂದೀನೂ ಎದ್ದು ಊಟಕ್ಕೆ ಹೋಗ್ತಾರೆ!"

ವಾಮದೇವಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. ಕಾಯಿಲೆಯ ಹೆಸರು ಕೇಳಿದಂದಿನಿಂದ ಅಪ್ಪ ಹೀಗೆ ನಕ್ಕದ್ದನ್ನು ಗುರುಶಾಂತ ನೋಡಿರಲಿಲ್ಲ. ಅವಳ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಅವಳು ಬೇಕೆಂದೇ ಇಟ್ಟುಕೊಂಡಳು.

'ನಗಿಸಿದ ಮಾತ್ರಕ್ಕೆ ಸುಳ್ಳು ನಿಜ ಆಗ್ತದೇನು? ಸುಳ್ಳುಬುರುಕ!'

ಸುಳ್ಳುಬುರುಕನ ಹೆಸರು ಮಲ್ಲೇಶಪ್ಪ. ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ನಿಟ್ಟುವಳ್ಳಿಯಲ್ಲಿ ಬಾಡಿಗೆ ಕೋಣೆ, ತಾಯಿ ಹಂಪವ್ವ ಹರಿಹರದ ಕಡೆಯ ಸಾರಥಿ ಎಂಬ ಊರಲ್ಲಿ, ಅಲ್ಲೇ ಗದ್ದೆ ಹೊಲ. ಇಷ್ಟು ಸಮಾಚಾರ ಸೇತುವೆ ಮುಟ್ಟುವಷ್ಟರಲ್ಲಿ ಅಪ್ಪಾಜಿಯೇ ಕೇಳಿ ತಿಳಿದುಕೊಂಡರು. ವ್ಯಾಪಾರಿ ಅಲ್ಲವೇ!

ಮರುದಿನ ಬೆಳಿಗ್ಗೆ ನಾಲೆಯ ಏರಿಯ ಮೇಲೆ ಮೇಷ್ಟ್ರು ಕಾಯುತ್ತಿದ್ದರು. ಅದರ ಮರುದಿನವೂ...

ಊರಿನ ಸುತ್ತ ಇಷ್ಟೊಂದು ದಾರಿಗಳಿವೆ ಎಂದು ಗುರುಶಾಂತಳಿಗೆ ಗೊತ್ತೇ ಇರಲಿಲ್ಲ. ಇಂಟರ್ ಮುಗಿಸಿ ಮನೆಯಲ್ಲಿ ಕಸೂತಿ ಹಾಕುತ್ತಿದ್ದ ಹುಡುಗಿಗೆ ದಾವಣಗೆರೆ ಎಂದರೆ ಚೌಕಿಪೇಟೆ, ದೇವಸ್ಥಾನ, ಟಾಕೀಸು. ಈಗ ನೋಡಿದರೆ ಹುಣಸೆ ತೋಪಿನ ನೆರಳಿನಲ್ಲೊಂದು ಕಾಲುದಾರಿ, ಕುಂದವಾಡದ ಕೆರೆಗೆ ಹೋಗುವ ಬಂಡಿ ಜಾಡು, ಶೇಂಗಾ ಹೊಲಗಳ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು ಮಾತ್ರ ಹೋಗಬಹುದಾದ ಹಾದಿ.

ಆ ಬದುವಿನ ಹಾದಿಯೇ ಅವಳಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಮುಂದೆ ಅಪ್ಪಾಜಿ, ನಡುವೆ ತಾನು, ಹಿಂದೆ ಬಿಳಿ ಬೂಟಿನ ಸಪ್ಪಳ. ತಿರುಗಿ ನೋಡುವಂತಿಲ್ಲ, ಆದರೆ ಸಪ್ಪಳ ನಿಂತರೆ ಅವಳ ಕಾಲೂ ನಿಲ್ಲುತ್ತಿತ್ತು!

"ಮೇಷ್ಟ್ರೇ, ಇನ್ನೆಷ್ಟು ದೂರ?"

"ಇಲ್ಲೇ ಐತ್ರಿ."

"ಯಾರ ಕೂಗಿನ ಲೆಕ್ಕ?"

"ಇವತ್ತು ನಿಮ್ಮಪ್ಪಾಜಿ ಕೂಗಿನ ಲೆಕ್ಕ. ಭಾಳ ಹತ್ರ."

ವಾಮದೇವಪ್ಪನವರ ಹೊಟ್ಟೆ ಕರಗಿತು, ಮುಖಕ್ಕೆ ಕಳೆ ಬಂತು. ದಾರಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಂಡರೆ ಮಗಳ ಕಣ್ಣು ತಪ್ಪಿಸಿ ಜೇಬಿಗೆ ಕೈ ಹಾಕುವುದೊಂದು ಬಿಡಲಿಲ್ಲ, ಅಷ್ಟೇ. ಎದುರಿಗೆ ಬಾತಿ ಗುಡ್ಡ ಕಂಡಾಗಲೆಲ್ಲ, "ಒಂದಿನ ಅದನ್ನ ಹತ್ತೇ ಹತ್ತೋಣ ಮೇಷ್ಟ್ರೇ," ಎನ್ನುತ್ತಿದ್ದರು.

"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಪ್ಪಾಜಿ," ಎಂದು ಮಗಳು ಕೆಣಕುತ್ತಿದ್ದಳು.

"ಹತ್ತಿರ ಹೋದಾಗ ನಾನಿರ್ತೀನಲ್ರಿ," ಎಂದ ಮಲ್ಲೇಶಪ್ಪ ಒಂದು ಸಲ. ನೋಟ ಮಾತ್ರ ಗುಡ್ಡದ ಮೇಲಿರಲಿಲ್ಲ.

ಅವತ್ತೆಲ್ಲ ಗುರುಶಾಂತ ಕಸೂತಿಯ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು.

ನಡೆಯುವವರು ಎಡವುತ್ತಾರಲ್ಲದೆ ಕೂತವರು ಎಡವುತ್ತಾರೆಯೇ? ದಸರಾ ರಜೆಯ ಮೊದಲ ದಿನ ಅವಳು ಎಡವಿದಳು.

ಅವತ್ತು ಮಲ್ಲೇಶಪ್ಪ ಏರಿಯ ಮೇಲೆ ಕೈಚೀಲ ಹಿಡಿದು ನಿಂತಿದ್ದ. ಅಪ್ಪಾಜಿ ಇನ್ನೂ ಹಿಂದೆ ಬರುತ್ತಿದ್ದರು. ಏನೋ ಹೇಳಬೇಕೆಂದು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಎಲ್ಲಿಗೆ?" ಎಂದುಬಿಟ್ಟಳು ಗುರುಶಾಂತ. ತಕ್ಷಣ ನಾಲಿಗೆ ಕಚ್ಚಿಕೊಂಡಳು. ಹೊರಟವರನ್ನು 'ಎಲ್ಲಿಗೆ' ಎನ್ನಬಾರದು, 'ದೂರವಾ' ಎನ್ನಬೇಕು. ಸಣ್ಣ ಮಕ್ಕಳಿಗೂ ಗೊತ್ತು!

"ಇಲ್ಲೇ... ಹೋಗಿ ಬರ್ತೀನಿ," ಎಂದ ಅವನು. ಎಲ್ಲರೂ ಹೇಳುವ ಹಾಗೆ.

ಹೋದವನು ಬರಲಿಲ್ಲ.

ರಜೆ ಮುಗಿಯುತ್ತಾ ಬಂತು. ತಂದೆ ಮಗಳು ಇಬ್ಬರೇ ನಡೆದರು. ಅದೇ ದಾರಿ, ಅದೇ ಹುಣಸೆ ತೋಪು. ಹಿಂದೆ ಸಪ್ಪಳ ಮಾತ್ರ ಇಲ್ಲ... 'ಇಲ್ಲೇ ಅಂದೋರು ಎಲ್ಲಿ ಹೋದ್ರಿ ಮೇಷ್ಟ್ರೇ?'

ಉತ್ತರ ತಂದವರು ಮನೆಯ ಯಜಮಾನಿಕೆ ನೋಡುತ್ತಿದ್ದ ಸೋದರತ್ತೆ ದ್ರಾಕ್ಷಾಯಣಮ್ಮ. ಗುರುಶಾಂತಳ ತಾಯಿ ತೀರಿದ ಮೇಲೆ ಅಡುಗೆಮನೆಯೂ ಅವರದೇ, ಊರ ಸುದ್ದಿಯೂ ಅವರದೇ.

"ನಿಮ್ಮ ಡ್ರಿಲ್ ಮೇಷ್ಟ್ರು ಸಾರಥೀಗೆ ಹೋಗ್ಯಾನಂತೆ. ಕನ್ಯಾ ವಿಚಾರಕ್ಕಂತೆ! ಅವನ ಕೋಣಿ ಪಕ್ಕದ ಮನಿಯೋರೇ ಹೇಳಿದ್ರು."

ಗುರುಶಾಂತಳ ಕೈಯಲ್ಲಿದ್ದ ತಂಬಿಗೆ ಜಾರಿತು. ನೀರು ಕೋಣೆಯ ತುಂಬ ಹರಿಯಿತು. ಒರೆಸುತ್ತಾ ಕೂತಳು, ಒರೆಸಿದಷ್ಟೂ ಕಣ್ಣು ತುಂಬಿಕೊಳ್ಳುತ್ತಿತ್ತು.

'ಕನ್ಯಾ ನೋಡಾಕ ಹೋಗೋದಕ್ಕೂ ಇಲ್ಲೇ! ಒಂದು ಮಾತು ನಿಜ ಹೇಳಿದ್ರೆ ನಾನೇನು ಅಡ್ಡ ನಿಲ್ತಿದ್ನಾ?'

ಅದೇ ಸಂಜೆ ಅತ್ತೆ ಇನ್ನೊಂದು ಮಾತು ತೆಗೆದರು. ಹರಿಹರದ ಅಕ್ಕಿ ಗಿರಣಿಯವರ ಮಗ. ಮನೆ ಬಾಗಿಲಲ್ಲಿ ಕಾರು. ಸೋಮವಾರ ಬಂದು ನೋಡುತ್ತಾರಂತೆ, ಒಪ್ಪಿದರೆ ಅಂದೇ ತಾಂಬೂಲ.

ವಾಮದೇವಪ್ಪನವರು ಮಗಳ ಮುಖ ನೋಡಿದರು. "ನಿನ್ನ ಮನಸ್ಸಿನಾಗ ಏನೈತೆ ಹೇಳು ಶಾಂತವ್ವ."

"ನೀವು ಹೆಂಗೆ ಹೇಳಿದ್ರೆ ಹಂಗೆ ಅಪ್ಪಾಜಿ."

ಸಿಟ್ಟಿನಲ್ಲಿ ಕೊಟ್ಟ ಮಾತು ಅದು. ಆದರೂ ಮಾತು ಮಾತೇ. ಅತ್ತೆ ಆಗಲೇ ಚಿರೋಟಿ ರವೆ ಜರಡಿ ಹಿಡಿಯತೊಡಗಿದರು.

ಭಾನುವಾರ ಬೆಳಿಗ್ಗೆ ವಾಮದೇವಪ್ಪನವರು ಜಟಕಾ ತರಿಸಿದರು. "ಬಾತಿಗೆ ಹೋಗೋಣ. ನಾಳೆ ಆ ಮನಿಯೋರು ಬಂದ್ರೆ ಆಮ್ಯಾಲೆ ನಿನಗೆಲ್ಲಿ ಪುರಸೊತ್ತು? ಗುಡ್ಡ ಹತ್ತೋದು ಬಾಕಿ ಐತಲ್ಲ."

ಜಟಕಾ ಬಾತಿ ಊರಲ್ಲೇ ಬಿಟ್ಟು ಇಬ್ಬರೂ ನಿಧಾನವಾಗಿ ಹತ್ತಿದರು. ಅಷ್ಟೇನೂ ಕಡಿದಾದ ಗುಡ್ಡವಲ್ಲ. ಅಲ್ಲಲ್ಲಿ ಕಲ್ಲು, ಕುರುಚಲು ಗಿಡ, ಬಿಡದೆ ಬೀಸುವ ಗಾಳಿ. ತುದಿಗೆ ಬಂದಾಗ ಒಂದು ಕಡೆ ದಾವಣಗೆರೆಯ ಮಿಲ್ಲುಗಳ ಚಿಮಣಿ, ಇನ್ನೊಂದು ಕಡೆ ಹರಿಹರದ ಹೊಳೆ ತೆಳ್ಳಗೆ ಹೊಳೆಯುತ್ತಿತ್ತು. ಅಪ್ಪಾಜಿ ಗೆದ್ದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಗುರುಶಾಂತ ಕೆಳಗೆ ನೋಡಿದಳು.

ಗುಡ್ಡದ ಬುಡದ ಕೆರೆ ಏರಿಯ ಮೇಲೆ, ಹರಿಹರದ ಕಡೆಯಿಂದ ಇಬ್ಬರು ನಡೆದು ಬರುತ್ತಿದ್ದರು. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು. ಅವಳ ಹಿಂದೆ ಬಿಳಿ ಅಂಗಿ... ಬಿಳಿ ಬೂಟು...

ಅದೇ ನಡಿಗೆ! ಸಾವಿರ ಮಂದಿಯಲ್ಲೂ ಗುರುತು ಹಿಡಿಯುವಳು ಆ ನಡಿಗೆಯನ್ನು.

'ಕನ್ಯೆ ಗೊತ್ತಾಗಿರಬೇಕು. ತಾಯಿನ ಜೋಡಿ ಮಾಡ್ಕೊಂಡು ಸುದ್ದಿ ಹೇಳಾಕ ಬರ್ತಾ ಇರಬೇಕು. ಬರ್ಲಿ. ನನಗೇನು?'

ಇನ್ನೆರಡು ಹೆಜ್ಜೆ ಹಾಕಿದರೆ ಅವರು ಹೊಂಗೆ ಮರಗಳ ಮರೆಗೆ ಹೋಗುತ್ತಾರೆ. ಸುಮ್ಮನಿದ್ದರೆ ನಾಳೆ ಹರಿಹರದವರ ತಾಂಬೂಲ. ಕೇಳಿದರೆ, ಎದೆ ಒಡೆದರೂ ನಿಜ ಗೊತ್ತಾದೀತು. ಬಾಯಿ ತೆರೆದಳು. 'ಮೇಷ್ಟ್ರೇ' ಎನ್ನಲು ಹೊರಟವಳ ಗಂಟಲಿನಿಂದ ಬಂದದ್ದೇ ಬೇರೆ.

"ರೀ...! ರೀ......!"

ಗಾಳಿ ಆ ಕೂಗನ್ನು ಎತ್ತಿಕೊಂಡು ಕೆರೆಯವರೆಗೂ ಒಯ್ದಿತು.

ಕೂಗಿದ ಮೇಲೆಯೇ ಅವಳಿಗೆ ತಾನು ಕೂಗಿದ್ದೇನೆಂದು ಹೊಳೆದದ್ದು. ಹೆಸರಿಲ್ಲ, 'ಮೇಷ್ಟ್ರೇ' ಎಂಬುದೂ ಇಲ್ಲ. ಬರೀ 'ರೀ'! ಹೆಂಡತಿ ಗಂಡನನ್ನು ಕರೆಯುವ ಹಾಗೆ! ಕಿವಿಯವರೆಗೂ ಕೆಂಪೇರಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಪಕ್ಕದಲ್ಲಿ ಅಪ್ಪಾಜಿ ಕೆಮ್ಮಿದರು. "ಅವತ್ತು ಕೇಳಿದ್ದೆ, ಮನಸ್ಸಿನಾಗ ಏನೈತೆ ಅಂತ. ಈಗ ಬಾತಿ ಊರಿಗೆಲ್ಲ ಗೊತ್ತಾತು ಬಿಡವ್ವ."

ಕೆಳಗೆ ಬಿಳಿ ಅಂಗಿ ನಿಂತೇ ಹೋಗಿತ್ತು. ಆಮೇಲೆ ಓಡತೊಡಗಿತು.

ಏದುಸಿರು ಬಿಡುತ್ತಾ ಮಲ್ಲೇಶಪ್ಪ ಎದುರು ನಿಂತಾಗ ಗುರುಶಾಂತ ಮುಖ ತಿರುಗಿಸಿದಳು. "ಕನ್ಯಾ ಒಪ್ಪಿಗೆ ಆತೇನ್ರಿ?"

"ಯಾವ ಕನ್ಯಾ?"

"ಸಾರಥೀದು! ಊರಿಗೆಲ್ಲ ಗೊತ್ತೈತೆ."

ಅವನು ಕಕ್ಕಾಬಿಕ್ಕಿಯಾದ. "ಕನ್ಯಾ ನೋಡಾಕ ಅಲ್ರಿ! ನಿಮ್ಮನ್ನ ಕೇಳಾಕ ಅವ್ವನ್ನ ಕರ್ಕೊಂಬರಾಕ ಹೋಗಿದ್ದೆ. ಅವ್ವ ಜಪ್ಪಯ್ಯ ಅನ್ಲಿಲ್ಲ. 'ಪ್ಯಾಟಿ ಹುಡುಗಿ, ಜಟಕಾದಾಗ ತಿರುಗೋಳು. ನಮ್ಮ ಹೊಲದ ಬದುವಿನ ಮ್ಯಾಲೆ ನಡೀತಾಳೇನು?' ಅಂತ ಒಂದೇ ಹಟ. ಒಪ್ಪಿಸೋದರಾಗೆ ರಜೆ ಎಲ್ಲ ಮುಗೀತು!"

"ನನಗೆ ಒಂದು ಮಾತು ಹೇಳಬಾರ್ದಿತ್ತಾ?"

"ಹೇಳೋಣ ಅಂತನೇ ನಿಂತಿದ್ದೆ. ನೀವು 'ಎಲ್ಲಿಗೆ' ಅಂದ್ರಿ. ಅಪಶಕುನ ಆಗ್ತೈತೆ ಅಂತ 'ಇಲ್ಲೇ' ಅಂದುಬಿಟ್ಟೆ!"

ಗುರುಶಾಂತಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಅಷ್ಟರಲ್ಲಿ ಹಂಪವ್ವ ಬುಟ್ಟಿ ಸಮೇತ ಗುಡ್ಡ ಹತ್ತಿ ಬಂದಿದ್ದಳು. ಉಸಿರೂ ಏರಿರಲಿಲ್ಲ. ಬುಟ್ಟಿ ಇಳಿಸಿ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ಗುಡ್ಡದ ಕೆಳಗಿನ ದಾರಿಯನ್ನು.

"ನಡ್ಕೊಂಡೇ ಹತ್ತಿದೇನವ್ವ?"

"ಹೂನ್ರಿ."

"ಮತ್ತ ಕೂಗಿದ್ದೂ ನೀನೇನಾ?"

ಗುರುಶಾಂತ ತಲೆ ತಗ್ಗಿಸಿದಳು.

"ಏ ಮಲ್ಲೇಶಾ!" ಎಂದಳು ಹಂಪವ್ವ, ಗುಡ್ಡ ಅದುರುವ ಹಾಗೆ. "ಇದನ್ನ ಮೊದಲೇ ಹೇಳಬಾರ್ದೇನೋ? ನನ್ನಷ್ಟೇ ಗಂಟ್ಲು ಐತೆ ಹುಡುಗೀಗೆ! ನಾಳೆ ಹೊಲದಾಗ ನನಗೆ ಕೂಗೋ ಕೆಲಸ ತಪ್ತು!"

ಬುಟ್ಟಿಯಿಂದ ತೆಂಗಿನಕಾಯಿ, ಎಲೆ ಅಡಿಕೆ ಹೊರಬಂದವು. ವಾಮದೇವಪ್ಪನವರು ಕಲ್ಲಿನ ಮೇಲೆ ಕೂತು, "ಹರಿಹರದೋರಿಗೆ ಇವತ್ತೇ ಹೇಳಿಕಳಿಸ್ತೀನಿ," ಎಂದರು. "ಅವರ ಮನೀಲಿ ಕಾರೈತಂತೆ. ನನಗೆ ಕಾರಿನ ಅಳಿಯ ಬ್ಯಾಡ್ರವ್ವ, ಡಾಕ್ಟ್ರು ನಡೀರಿ ಅಂದಾರೆ! ನಮ್ಮಕ್ಕ ಜರಡಿ ಹಿಡಿದ ಚಿರೋಟಿ ರವೆ ಏನೂ ಹಾಳಾಗಲ್ಲ."

ಇಳಿಯುವಾಗ ಹಿರಿಯರಿಬ್ಬರೂ ಮಾತಾಡುತ್ತಾ ಮುಂದೆ ಹೋದರು. ಹಾದಿ ಸಣ್ಣದು. ಈ ಸಲ ಗುರುಶಾಂತ ಹಿಂದೆ ತಿರುಗಿ ನೋಡಿದಳು, ಯಾರ ಅಂಜಿಕೆಯೂ ಇಲ್ಲದೆ.

"ಇನ್ನೊಂದ್ಸಲ ಕೂಗ್ರಿ," ಎಂದ ಮಲ್ಲೇಶಪ್ಪ ಮೆಲ್ಲಗೆ.

"ಯಾಕ? ಕೂಗೋವಷ್ಟು ದೂರ ಎಲ್ಲಿದೀರಿ?"

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳ ಬಳೆ ಅವನ ಕೈಗೆ ತಾಗಿತು.

"ಇಲ್ಲೇ," ಎಂದ.

ಆ ಒಂದು ಮಾತನ್ನು ಅವನು ಅಳತೆ ತಪ್ಪದೆ ಹೇಳಿದ್ದು ಅದೇ ಮೊದಲು.