ಆಕಿ ನಡೆಯದ ಓಣಿ

“ರೀ... ನಿಂದರ್ರಿ! ಆ ಕಂಬ ಮುಟ್ಟಬ್ಯಾಡ್ರಿ!”

ಸುವರ್ಣಾ ತಿರುಗಿ ನೋಡುವಷ್ಟರಲ್ಲಿ ಯಾರೋ ಅವಳ ಮುಂಗೈ ಹಿಡಿದು ಪಕ್ಕಕ್ಕೆ ಎಳೆದಿದ್ದ. ಅವಳ ಬಟ್ಟೆ ಚೀಲ ಗಟಾರದ ಅಂಚಿಗೆ ಬಿತ್ತು.

“ಕೈ ಬಿಡ್ರಿ ಮೊದಲ!”

ಅವನು ತಟ್ಟನೆ ಬಿಟ್ಟ. ಕಂಬದ ಬುಡದಲ್ಲಿ ಸುಲಿದು ನೇತಾಡುತ್ತಿದ್ದ ವೈರು ತೋರಿಸಿದ.

“ಈಗಷ್ಟ ಮಳಿ ನಿಂತೈತಿ. ಮುಟ್ಟಿದ್ರ ಕರೆಂಟ್ ಹೊಡೀತಿತ್ರಿ. ತಪ್ಪ ತಿಳಕೋಬ್ಯಾಡ್ರಿ.”

ಸುವರ್ಣಾಳ ಎದೆ ಡವಡವ ಎನ್ನುತ್ತಿತ್ತು. ವೈರು ನೋಡಿ ಹೆದರಿದ್ದಕ್ಕೋ, ಅವನ ಕಣ್ಣಿನಲ್ಲಿದ್ದ ಗಾಬರಿ ನೋಡಿದ್ದಕ್ಕೋ... ಅವಳಿಗೇ ತಿಳಿಯಲಿಲ್ಲ.

ಅವಳು ಕುಂದಗೋಳ ತಾಲೂಕಿನ ಯರಗುಪ್ಪಿಯವಳು. ಊರಿನಲ್ಲಿ ಬ್ಲೌಸು ಹೊಲಿಯುತ್ತಾಳೆ. ಬಟ್ಟೆ ಸುತ್ತಿದ ಗುಂಡಿ ಮಾಡಿಕೊಡುವ ಮುದುಕರೊಬ್ಬರು ಹುಬ್ಬಳ್ಳಿಯ ಘಂಟಿಕೇರಿಯಲ್ಲಿ ಇದ್ದಾರೆ ಎಂದು ಕೇಳಿ ಹುಡುಕಿಕೊಂಡು ಬಂದಿದ್ದಳು. ಕೈ ಹಿಡಿದು ಎಳೆದವನ ಹೆಸರು ಗೌರೀಶ. ಮನೆ ಮನೆಗೆ ಹೋಗಿ ಲೈಟಿನ ಮೀಟರ್ ಓದಿ ಬಿಲ್ಲು ಕೊಡುವುದು ಅವನ ಕೆಲಸ. ಆ ಭಾಗದ ಹಳೆಯ ಓಣಿಗಳೆಲ್ಲ ಅವನಿಗೆ ಬಾಯಿಪಾಠ.

ಮುದುಕರ ಮನೆಯವರೆಗೂ ಅವನೇ ಜೊತೆ ಬಂದ.

“ಹುಬ್ಬಳ್ಳಿ ಅಂದ್ರ ನಿಮಗ ದುರ್ಗದಬೈಲ, ಬಸ್ ಸ್ಟ್ಯಾಂಡ್... ಅಷ್ಟ ಗೊತ್ತೇನ್ರಿ?”

“ಸಾಕಲ್ಲರಿ ಅಷ್ಟು.”

“ಸಾಕಾಗಂಗಿಲ್ರಿ,” ಎಂದು ನಕ್ಕ. “ಐತ್ವಾರ ನನಗ ಸೂಟಿ. ಬಂದ್ರ ತೋರ್ಸ್ತೀನಿ.”

ಬರಬಾರದು ಎಂದುಕೊಂಡಳು. ಭಾನುವಾರ ಬಂದಳು!

ಆಮೇಲೆ ಪ್ರತಿ ಭಾನುವಾರ ಆಧಾರ್ ಕಾರ್ಡ್ ತೋರಿಸಿ ಮೊದಲ ಬಸ್ಸು ಹತ್ತುತ್ತಿದ್ದಳು. ಅವ್ವನಿಗೆ ಲೈನಿಂಗ್ ಬಟ್ಟೆಯ ನೆಪ. ಬಮ್ಮಾಪುರ ಓಣಿಯಲ್ಲಿ ನಾಲ್ಕು ಮನೆಗಳ ನಡುವೆ ಇದ್ದ ಬಾವಿ ನೋಡಿದಳು. ಎದುರಿನಿಂದ ಯಾರಾದರೂ ಬಂದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾದ ಸಂದಿ ನೋಡಿದಳು. ಗಿಳಿ ಕೆತ್ತಿದ ಬಾಗಿಲ ಮುಂದೆ ನಿಂತು ಅವನು ಹೇಳಿದ ಕಥೆ ಕೇಳಿದಳು.

ಕರಿಮಣ್ಣಿನ ಬಯಲಿನಲ್ಲಿ ಬೆಳೆದವಳು ಅವಳು. ಅಲ್ಲಿ ಹೊಲದಲ್ಲಿ ನಿಂತರೆ ಮುಂದಿನ ಊರೇ ಕಾಣುತ್ತದೆ. ಇಲ್ಲಿ ತಿರುವಿನ ಆಚೆ ಏನಿದೆಯೋ ಗೊತ್ತಾಗುವುದಿಲ್ಲ. ಪ್ರತಿ ತಿರುವಿಗೂ ಅವಳ ಮನಸ್ಸು ಜಿಗಿಯುತ್ತಿತ್ತು.

‘ಇವೆಲ್ಲ ನಂಗಷ್ಟ ತೋರ್ಸಾಕತ್ತಾನ...’ ಎಂದುಕೊಂಡು ಒಳಗೊಳಗೇ ಬೀಗಿದ್ದಳು.

ಆರನೆಯ ಭಾನುವಾರ ವೀರಾಪುರ ಓಣಿಯಲ್ಲಿ ಮಂಡಕ್ಕಿಯ ಗಿರ್ಮಿಟ್ ಮಾರುವ ಅಜ್ಜಿ ಅವನನ್ನು ಕಂಡು ಕೂಗಿದಳು.

“ಬಾರೋ ಗೌರೀಶ! ಸುನೀತಾ ಬರಲಿಲ್ಲೇನು? ಭಾಳ ದಿನ ಆತು ಆಕಿನ್ನ ನೋಡಿ... ಇಕಿ ಯಾರೋ?”

ಸುವರ್ಣಾಳ ಮುಖದ ನಗು ಅಲ್ಲೇ ಆರಿತು.

“ಯಾರ್ರಿ ಸುನೀತಾ?”

ಗೌರೀಶ ಮುಚ್ಚಿಡಲಿಲ್ಲ.

“ನಾವಿಬ್ಬರೂ ಲಗ್ನ ಆಗೂದಿತ್ರಿ. ಎರಡು ವರ್ಷದ ಹಿಂದ ಆಕಿ ಬ್ಯಾಡಂದ್ಲು. ಈಗ ಬೆಳಗಾವ್ಯಾಗ ಅದಾಳ. ಲಗ್ನ ಆಗೇತಿ.”

“ಈ ಓಣ್ಯಾಗ ಆಕಿ ಜೋಡಿ ಬರ್ತಿದ್ರಿ?”

“ಆಕಿಗೆ ನಡಿಯೂ ಹುಚ್ಚು. ನಾ ಬರೇ ಮೀಟರ್ ನೋಡಿ ಹೋಗಾಂವ ಇದ್ದೆ. ಊರು ನೋಡಾಕ ಕಲಿಸಿದಾಕಿ ಆಕಿ.”

“ಆ ಬಾವಿ?”

“ಆಕಿನ ತೋರ್ಸಿದ್ಲು.”

“ಗಿಳಿ ಬಾಗಿಲ...?”

ಅವನು ತಲೆ ತಗ್ಗಿಸಿದ. “ಅದೂ.”

ಹಾಗಾದರೆ ಇಷ್ಟು ದಿನ ನಾನು ಕೇಳಿದ್ದು ಯಾರ ಮಾತು? ನಾನು ಬೀಗಿದ್ದು ಯಾರ ಪಾಲಿನದಕ್ಕೆ? ಸುವರ್ಣಾಳ ಹೊಟ್ಟೆಯೊಳಗೆ ಏನೋ ಹೊತ್ತಿಕೊಂಡಿತು.

“ಅಜ್ಜಿ, ಆಕಿ ಖಾರ ಎಷ್ಟು ತಿಂತಿದ್ಲು?”

“ಅಯ್ಯ, ನಾಕು ಹಸಿಮೆಣಸಿನಕಾಯಿ ಕಡೀತಿದ್ಲವ್ವಾ!”

“ನನಗ ಐದು ಕೊಡ್ರಿ.”

ಮೂರನೆಯದಕ್ಕೇ ಕಣ್ಣಲ್ಲಿ ನೀರು ಧಾರಾಕಾರ. ಗೌರೀಶ ನೀರಿನ ಬಾಟಲಿ ಚಾಚಿದ.

“ಖಾರ ಆತೇನ್ರಿ?”

“ಇಲ್ಲ!” ಎಂದು ಐದನ್ನೂ ತಿಂದು ಮುಗಿಸಿದಳು.

ಮುಂದಿನ ಭಾನುವಾರವೂ ಬಂದಳು. ಆದರೆ ಅವಳಿಗೆ ಓಣಿ ಕಾಣಲೇ ಇಲ್ಲ. ತನ್ನ ಮುಂದೆ ಇನ್ನೊಬ್ಬಳು ನಡೆಯುತ್ತಿರುವುದೇ ಕಾಣುತ್ತಿತ್ತು.

“ಇಲ್ಲಿ ಬಂದಿದ್ರೇನು, ಆಕಿ ಜೋಡಿ?”

“ಬಂದಿದ್ವಿ.”

“ಇಲ್ಲಿ?”

“ಹೂಂನ್ರಿ.”

“ಆಕಿ ಎತ್ತರ ಇದ್ಲೇನು?”

“ನಿಮಗಿಂತ... ಒಂದೀಟು.”

ಒಂದು ಸುಳ್ಳಾದರೂ ಹೇಳಬಾರದೇ ಈ ಮನುಷ್ಯ! ಗಿಡ್ಡ ಇದ್ದಳು ಎಂದರೆ ಇವನ ಗಂಟೇನು ಹೋಗುತ್ತಿತ್ತು?

ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ನೀವು ನನ್ನ ಜೋಡಿ ನಡ್ಯಾಕತ್ತಿಲ್ರಿ ಗೌರೀಶ. ಇನ್ನೂ ಆಕಿ ಜೋಡಿನ ನಡ್ಯಾಕತ್ತೀರಿ. ನಾ ಬರೇ ಬಾಜೂಕ ಅದೀನಿ.”

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬಸ್ಸು ಹತ್ತಿದಳು. ಬಸ್ಸು ಹೊರಟಿತು.

ಎರಡು ಭಾನುವಾರ ಅವಳು ಹೋಗಲಿಲ್ಲ. ಬ್ಲೌಸಿನ ಎಡತೋಳನ್ನು ಬಲಗಡೆಗೆ ಹಚ್ಚಿ ಹೊಲಿದಳು. ಬಿಚ್ಚಿ ಮತ್ತೆ ಹಾಗೆಯೇ ಹೊಲಿದಳು!

ಒಂದು ಸಂಜೆ ಅವಳ ಅವ್ವ ಮೈಲಾರವ್ವ ಮಷೀನಿನ ಪಕ್ಕ ಬಂದು ಕೂತಳು.

“ಶಂಕ್ರಪ್ಪ ಕಾಕಾ ಕುಂದಗೋಳದ ವರ ಹುಡುಕ್ಯಾನ. ಬರೂ ಶುಕ್ರವಾರ ನಿನ್ನ ನೋಡಾಕ ಬರ್ತಾರಂತ. ಹೂಂ ಅನ್ಲೇನು?”

“ಹೂಂ ಅನ್ನು.”

ಸಿಟ್ಟಿನಲ್ಲಿ ಬಂದ ಮಾತು ಅದು. ನನಗೆ ಉರಿದಷ್ಟು ಅವನಿಗೂ ಒಮ್ಮೆ ಉರಿಯಲಿ ಎಂದು ಕೂಡಲೇ ಗೌರೀಶನಿಗೆ ಮೆಸೇಜು ಹಾಕಿದಳು: ‘ಶುಕ್ರವಾರ ನನ್ನ ನೋಡಾಕ ಕುಂದಗೋಳದವರು ಬರಾಕತ್ತಾರ.’

ಮೊಬೈಲು ಕೈಯಲ್ಲಿ ಹಿಡಿದೇ ಕೂತಳು. ಅರ್ಧ ತಾಸಿನ ಮೇಲೆ ಉತ್ತರ ಬಂತು.

‘ಚಲೋ ಆತ್ರಿ. ನಿಮಗ ಒಳ್ಳೇದಾಗ್ಲಿ.’

ಅಯ್ಯೋ... ಇಷ್ಟೇನಾ? ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಮರುದಿನ ಭಾನುವಾರ. ಯಾಕೆಂದು ತಿಳಿಯದೆ ಮತ್ತೆ ಅದೇ ಬಸ್ಸು ಹತ್ತಿದ್ದಳು. ಆದರೆ ಈ ಸಲ ಅವನಿಗೆ ಹೇಳಲಿಲ್ಲ. ಅವನ ಓಣಿಗಳ ಕಡೆ ತಲೆಯನ್ನೂ ಹಾಕಲಿಲ್ಲ. ಊರೇನು ಆ ಸುನೀತಾಳ ಅಪ್ಪನದೇ? ನನಗೂ ಕಾಲಿವೆ! ರೇಲ್ವೆ ಹಳಿ ದಾಟಿದಳು. ಗುಜರಿ ಅಂಗಡಿಗಳ ಸಾಲು ದಾಟಿದಳು. ಯಾರನ್ನೂ ದಾರಿ ಕೇಳದೆ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿದಳು.

ಒಂದು ಸಣ್ಣ ಓಣಿ. ಕಟ್ಟೆಗಳ ಮೇಲೆ ನಾಲ್ಕೈದು ಹೆಂಗಸರು ಕೂತು ಹಳೆಯ ಸೀರೆಗಳಿಂದ ಕೌದಿ ಹೊಲಿಯುತ್ತಿದ್ದರು. ಕೌದಿಯ ಒಂದು ತುದಿ ಕಟ್ಟೆಯ ಮೇಲಿದ್ದರೆ ಇನ್ನೊಂದು ತುದಿ ಓಣಿಯನ್ನೇ ಅಡ್ಡಗಟ್ಟಿತ್ತು. ಸುವರ್ಣಾಳ ಕಾಲು ತಾನಾಗಿ ನಿಂತಿತು.

“ದಾಟಿ ಹೋಗಬೇ, ತುಳೀಬ್ಯಾಡ,” ಎಂದಳು ಜಹೀರಾ ಎಂಬ ನಡುವಯಸ್ಸಿನ ಹೆಂಗಸು.

“ನಾನೂ ಒಂದೀಟು ಹೊಲಿಲ್ರಿ? ನಾ ಟೇಲರ್ ಅದೀನಿ.”

ಹೆಂಗಸರು ನಕ್ಕು ಸೂಜಿ ಕೊಟ್ಟರು. ಹತ್ತು ನಿಮಿಷವಾಗುವಷ್ಟರಲ್ಲಿ ಜಹೀರಾ ಅವಳ ಕೈ ಹಿಡಿದಳು.

“ಏನಬೇ, ಹೊಲಿಗಿ ಇಷ್ಟು ಬಿಗಿ? ಬಟ್ಟಿ ಮುದುರಾಕತ್ತೈತಿ. ಯಾರ ಮ್ಯಾಲ ಸಿಟ್ಟು?”

ಗುರುತಿಲ್ಲದವರ ಮುಂದೆ ಅಳುವುದು ಎಷ್ಟು ಸುಲಭ! ಸುವರ್ಣಾ ಎಲ್ಲವನ್ನೂ ಹೇಳಿಬಿಟ್ಟಳು. ಬಾವಿ, ಗಿಳಿ ಬಾಗಿಲು, ಐದು ಮೆಣಸಿನಕಾಯಿ, ಆ ಮೆಸೇಜು...

ಜಹೀರಾ ದಾರ ಕಡಿದಳು. “ವರ ಬರಾಕತ್ತಾನ ಅಂತ ಬರದಿ. ನನಗ ನೀ ಬೇಕು ಅಂತ ಬರದೀಯೇನು?”

“ಇಲ್ರಿ.”

“ಮತ್ತ ಅಂವ ಏನಂತ ಬರೀಬೇಕಿತ್ತಬೇ?”

ಸುವರ್ಣಾ ಕಣ್ಣೊರೆಸಿಕೊಂಡು ಮೊಬೈಲು ತೆಗೆದಳು.

“ಗೌರೀಶ... ಎಲ್ಲಿದ್ದೀರಿ?”

“ಬಸ್ ಸ್ಟ್ಯಾಂಡಿನ್ಯಾಗ,” ಎಂದ. ಸ್ವಲ್ಪ ತಡೆದು ಹೇಳಿದ, “ಯರಗುಪ್ಪಿ ಬಸ್ಸು ಬರೂ ಜಾಗಾದಾಗ. ಮೂರು ಐತ್ವಾರದಿಂದ ಇಲ್ಲೇ ನಿಂದರ್ತೀನಿ. ಇವತ್ತು ನೀವು ಇಳದಿದ್ದು ನೋಡಿದೆ. ಕೂಗಾಕ ಧೈರ್ಯ ಆಗಲಿಲ್ರಿ.”

“ಹಳಿ ದಾಟಿ ಬರ್ರಿ. ಕೌದಿ ಹೊಲಿಯೂ ಓಣಿ.”

“ಅದೆಲ್ಲಿ ಬರ್ತೈತ್ರಿ?”

ಅವನು ಬಂದು ಮುಟ್ಟಲು ಮುಕ್ಕಾಲು ತಾಸು ಹಿಡಿಯಿತು. ಅಂಗಿ ಬೆವರಿನಿಂದ ತೊಯ್ದಿತ್ತು. ಕೌದಿಯ ಆಚೆ ಅವನು, ಈಚೆ ಇವಳು. ಹೆಂಗಸರೆಲ್ಲ ಸೂಜಿ ನಿಲ್ಲಿಸಿದರು.

“ಈ ಓಣಿಗೆ ಬಂದಿದ್ರೇನು... ಆಕಿ ಜೋಡಿ?”

“ಇಲ್ರಿ. ಇಂಥಾದೊಂದು ಓಣಿ ಐತಿ ಅಂತ ನನಗ ಗೊತ್ತ ಇರಲಿಲ್ಲ.”

“ಖರೇನ?”

“ಸುಳ್ಳು ಹೇಳೂದು ಗೊತ್ತಿದ್ರ ನಿಮ್ಮನ್ನ ಇಷ್ಟು ಅಳಸ್ತಿದ್ದಿಲ್ರಿ.”

ಸುವರ್ಣಾ ತುಟಿ ಕಚ್ಚಿದಳು. “ಆಕಿನ್ನ ಮರತೀರೇನು?”

ಗೌರೀಶ ತೋಳಿನಿಂದ ಹಣೆಯ ಬೆವರು ಒರೆಸಿಕೊಂಡ.

“ಮರತೀನಿ ಅಂದ್ರ ಸುಳ್ಳಾಗ್ತೈತಿ. ಆದ್ರ ಆಕಿ ಹಾದಿ ಕಾಯಾಕತ್ತಿಲ್ರಿ. ಆಕಿ ಹೋದ ಮ್ಯಾಲ ಎರಡು ವರ್ಷ ನಾ ಬಾಗಿಲ ನೋಡಲಿಲ್ಲ, ಬಾವಿ ನೋಡಲಿಲ್ಲ. ಬರೇ ಮೀಟರ್. ನೀವು ಬಂದ ಮ್ಯಾಲ ಮತ್ತ ತಲಿ ಎತ್ತಿ ನೋಡಿದೆ. ನನ್ನ ಹಂತೇಕ ಇದ್ದದ್ದು ಅವ ನಾಕು ಓಣಿ. ಇದ್ದದ್ದರಾಗ ಚಲೋದು ನಿಮಗ ತೋರ್ಸಿದೆ.”

“ಮೊದಲ ಯಾಕ ಹೇಳಲಿಲ್ಲ?”

“ಹೇಳಿದ್ರ ಮುಂದಿನ ಐತ್ವಾರ ಬರಂಗಿಲ್ಲ ಅಂತ ಅಂಜಿದೆ.”

“ಮತ್ತ ‘ಒಳ್ಳೇದಾಗ್ಲಿ’ ಅಂತ ಯಾಕ ಬರದ್ರಿ?”

“ಬ್ಯಾಡ ಅನ್ನಾಕ ನಾ ಯಾರ್ರಿ? ಆ ಕುಂದಗೋಳದವನ ಮಾರಿ ನಾ ನೋಡಿಲ್ಲ. ಆದ್ರೂ ನಿನ್ನಿಯಿಂದ ಊಟ ಸೇರಿಲ್ಲ. ಅಂವ ಎತ್ತರ ಅದಾನೇನ್ರಿ?”

ಅಳುತ್ತಿದ್ದ ಸುವರ್ಣಾಳಿಗೆ ನಗು ಉಕ್ಕಿ ಬಂತು. ಅಬ್ಬಾ... ಇವನಿಗೂ ಉರಿದಿದೆ!

“ನಾನೂ ನೋಡಿಲ್ಲ. ನೋಡೂದೂ ಇಲ್ಲ. ಸಂಜಿಕೆ ಅವ್ವಗ ಹೇಳ್ತೀನಿ. ನಾಳಿ ನೀವ ಯರಗುಪ್ಪಿಗೆ ಬಂದು ಶಂಕ್ರಪ್ಪ ಕಾಕಾನ ಮುಂದ ಕುಂದರಬೇಕು. ಕಾಕಾ ಭಾಳ ಪ್ರಶ್ನಿ ಕೇಳ್ತಾನ.”

“ಕೇಳ್ಲಿ. ಎಲ್ಲಾ ಖರೇನ ಹೇಳ್ತೀನಿ.”

“ಎಲ್ಲಾ ಬ್ಯಾಡ್ರಿ!”

ಕಟ್ಟೆಯ ಮೇಲೆ ನಗು ಎದ್ದಿತು. ಜಹೀರಾ ಕೌದಿಯ ಅಂಚು ಎತ್ತಿ ಹಿಡಿದಳು. ಗೌರೀಶ ಬಗ್ಗಿ ಈಚೆ ಬಂದ. ಇಬ್ಬರೂ ಓಣಿಯ ಮುಂದಿನ ತುದಿಯ ಕಡೆಗೆ ಹೆಜ್ಜೆ ಹಾಕಿದರು. ಅತ್ತ ಏನಿದೆಯೋ ಇಬ್ಬರಿಗೂ ಗೊತ್ತಿರಲಿಲ್ಲ.

“ಇನ್ನೂ ಹೊಟ್ಟಿ ಉರೀತೈತೇನ್ರಿ?” ಅವನು ಮೆಲ್ಲಗೆ ಕೇಳಿದ.

“ಉರೀತೈತಿ. ಒಂದೀಟು ಕಡಿಮಿ.”

“ಇನ್ನೂ ಎಷ್ಟು ದಿನಾ ಉರೀಬಹುದು?”

“ಲಗ್ನ ಆಗಿ ಎರಡು ಮಕ್ಕಳಾಗ್ಲಿ. ಆವಾಗ ಕೇಳ್ರಿ.”

ಅವನು ನಡು ಓಣಿಯಲ್ಲಿ ನಿಂತುಬಿಟ್ಟ. “ಏನಂದಿ ಸುವರ್ಣಾ?”

ಮೊದಲ ಸಲ ಏಕವಚನ! ಅವಳ ಕಿವಿಯವರೆಗೂ ಕೆಂಪೇರಿತು.

“ಒಂದು ಸಲ ಹೇಳೀನಿ. ಮತ್ತ ಹೇಳಂಗಿಲ್ಲ... ನಡೀ ಈಗ.”