ಒಂದೇ ಸಲ ಕೇಳಿದ ಹುಡುಗ

"ಹಿಂದೆ ಸರೀರಿ! ಹಗ್ಗ ಕಿತ್ಕೊಂಡ್ ಬಂದ್ರೆ ಮೂತಿ ಉಳಿಯಲ್ಲ, ಏ!"

ಹಿಮದ ಗುಂಡಿಗೆ ಬಿದ್ದಿದ್ದ ಕಾರನ್ನು ತನ್ನ ಟ್ರಕ್ಕಿಗೆ ಕಟ್ಟಿ ಎಳೆಯುತ್ತ ಸೈಮಿ ಕೂಗಿದಳು.

ಕಾರಿನ ಯುವಕ ನಕ್ಕುಬಿಟ್ಟ. "ಇಲ್ಲಿ ಎಲ್ರೂ ಮಾತಿನ ಬಾಲಕ್ಕೊಂದು ‘ಏ’ ಕಟ್ತೀರಲ್ಲ!"

"ಸೇತುವೆ ಕೆಳಗಿನೋರಿಗೆ ಹಿಮದಲ್ಲಿ ಗಾಡಿ ಓಡ್ಸೋಕ್ ಬರಲ್ಲ. ಹಲ್ಲು ಕಿರಿಯೋಕ್ ಮಾತ್ರ ಬರತ್ತೆ!"

ಎಂಥ ಸೊಕ್ಕು ಇವನಿಗೆ! ಆದರೆ ಆ ನಗು...

ಅವನ ಹೆಸರು ಕರ್ಟಿಸ್. ಮ್ಯಾಕಿನಾ ಎಂಬ ದೊಡ್ಡ ಸೇತುವೆಯ ದಕ್ಷಿಣದವನು; ಅಲ್ಲಿಯವರೆಲ್ಲ ಈ ಊರಿನವರ ಬಾಯಲ್ಲಿ ‘ಸೇತುವೆ ಕೆಳಗಿನೋರು’. ಚಳಿಗಾಲದ ಮಟ್ಟಿಗೆ ಸೈಮಿಯ ಊರಾದ ಹ್ಯಾಂಕಾಕ್‌ನ ಶಾಲೆಗೆ ಬಂದ ಸಂಗೀತದ ಮೇಷ್ಟ್ರು. ಹಿಮ ಕರಗುವಷ್ಟರಲ್ಲಿ ಅವನೂ ‘ಏ’ ಎನ್ನತೊಡಗಿದ್ದ. ಸೈಮಿಯಂತೂ ಮನಸ್ಸು ಕೊಟ್ಟು ಕೂತಿದ್ದಳು!

ಕೊನೆಯ ಶನಿವಾರ, ಅವಳ ಮನೆಯಲ್ಲಿ ಸೌನಾದ ಹಬೆಸ್ನಾನ ಮುಗಿಸಿ ಮೆಟ್ಟಿಲ ಮೇಲೆ ಕೂತಾಗ ಅವನು ಕೇಳಿಯೇಬಿಟ್ಟ.

"ಸೈಮಿ... ನನ್ನ ಮದುವೆ ಆಗ್ತೀಯಾ?"

ಎದೆ ಢವಢವ! ಬಾಯಿಂದ ಬಂದದ್ದು ಮಾತ್ರ, "ಅಯ್ಯೋ, ಬೇಡಪ್ಪ!"

ಇನ್ನೊಮ್ಮೆ ಕೇಳಲಿ ಎಂದು ತಲೆ ತಗ್ಗಿಸಿ ಕಾದಳು. ಅವನು ಕೇಳಲಿಲ್ಲ. ಟೋಪಿ ಹಾಕಿಕೊಂಡು ಹೊರಟೇ ಹೋದ.

ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳ ಮುಖ ಊದಿಕೊಂಡಿತ್ತು.

"ಮೇಷ್ಟ್ರು ಇವತ್ತೇ ಊರು ಬಿಡ್ತಿದಾರಂತಲ್ಲೇ?" ಎಂದಳು ಅಮ್ಮ ವರ್ನಾ.

"ಬಿಡ್ಲಿ! ಮದುವೆ ಆಗ್ತೀಯಾ ಅಂತ ಒಂದೇ ಸಲ ಕೇಳಿದ್ನಮ್ಮ! ಬೇಡ ಅಂದೆ. ಎರಡನೇ ಸಲ ಕೇಳೋಷ್ಟೂ ಆಸೆ ಇಲ್ವಾ ಅವನಿಗೆ?"

ಅಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದಿ! ಕಾಫಿಗೆ ಕರೆದ್ರೂ ಎರಡು ಸಲ ಬೇಡ ಅಂದು ಮೂರನೇ ಸಲಕ್ಕೆ ಕೂರೋದು ನಮ್ ಫಿನ್ನಿಶ್ ಮಂದಿ ಮರ್ಯಾದೆ. ಆ ಕೆಳಗಿನೋನಿಗೇನ್ ಗೊತ್ತು? ಅವನಿಗೆ ಬೇಡ ಅಂದ್ರೆ ಬೇಡಾನೇ! ಓಡೇ!"

ಸೈಮಿ ಎದ್ದೆನೋ ಬಿದ್ದೆನೋ ಎಂದು ಅವನ ಮನೆಗೆ ಓಡಿದಳು. ಕರ್ಟಿಸ್ ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಹೋಗ್ಬೇಡ!"

"ನೀನೇ ಬೇಡ ಅಂದ್ಯಲ್ಲ..."

"ಅದು ಮರ್ಯಾದೆಗೆ ಅಂದಿದ್ದು ಕಣೋ! ನಮ್ಮಲ್ಲಿ ಮೂರು ಸಲ ಕೇಳ್ಬೇಕು!"

ಅವನು ಕಣ್ಣುಬಾಯಿ ಬಿಟ್ಟು ನೋಡಿದ. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದ.

"ಹಾಗಾದ್ರೆ... ಮದುವೆ ಆಗ್ತೀಯಾ?"

ಇದು ಎರಡನೆಯ ಸಲ. ಹುಟ್ಟಿದಾಗಿನ ಅಭ್ಯಾಸ, ‘ಬೇಡ’ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು! ಸೈಮಿ ತುಟಿ ಕಚ್ಚಿ ಅದನ್ನು ನುಂಗಿಕೊಂಡಳು.

"ಹೂಂ! ಆಗ್ತೀನಿ!"

"ಇನ್ನೊಂದ್ ಸಲ ಬಾಕಿ ಇತ್ತಲ್ಲ, ಏ?"

"ಅಷ್ಟರಲ್ಲಿ ನೀನು ಸೇತುವೆ ದಾಟಿಬಿಟ್ರೆ?" ಅವಳು ಅವನ ಎದೆಗೆ ಮುಖ ಒತ್ತಿದಳು. "ಆದ್ರೆ ನೋಡು... ಅಮ್ಮ ಕೇಳಿದ್ರೆ ಮೂರು ಸಲ ಕೇಳ್ದೆ ಅನ್ನು. ನನ್ ಮಾನ ಉಳ್ಸು!"