ಲೆಮ್ ಗ್ರೇಡಿಯ ಮೂಲ ಟೇಪು

ಹಳೆಯ ಅಮೆರಿಕನ್ ಬ್ಲೂಸ್ ಹಾಡುಗಳ ಆ ಆಲ್ಬಮ್ಮಿನ ಕವರಿನ ಮೇಲೆ ಕೀರ್ತಿಕುಮಾರನ ಹೆಸರಿರಲಿಲ್ಲ. ಜರ್ಮನಿಯ ಕಂಪನಿ ಕಳಿಸಿದ್ದ ನಮೂನೆಯನ್ನು ಅವನು ಮೂರು ಸಲ ಓದಿದ. ಗಿಟಾರ್: ಲೆಮ್ ಗ್ರೇಡಿ. ಮೂಲ ಟೇಪು ಕಾಪಾಡಿದವರು: ತಿತಿಮತಿಯ ಕುಶಾಲಪ್ಪ. ಅಷ್ಟೇ. ಎಂಟು ವರ್ಷ ಸುಂಟಿಕೊಪ್ಪದಿಂದ ಬಸ್ಸು ಬದಲಿಸಿ ಬದಲಿಸಿ ತಿತಿಮತಿಗೆ ಹೋಗಿ, ಆ ತೋಟದ ಮನೆಯ ಆಂಪ್ಲಿಫೈಯರು, ಟೇಪ್ ಯಂತ್ರಗಳ ಜೀವ ಉಳಿಸಿದವನು ಅವನು. "ಈ ರೆಕಾರ್ಡ್ ಮತ್ತೆ ಬಂದ ದಿನ ನಿನ್ನ ಹೆಸರೂ ಬರ್ತದೆ ಕೀರ್ತಿ" ಎಂದು ಮಾತು ಕೊಟ್ಟಿದ್ದವನು ಇದೇ ಕುಶಾಲಪ್ಪ.

ಹುತ್ತರಿ ಹಬ್ಬದ ಮರುದಿನ ಊಟಕ್ಕೆ ಸೇರಿದ್ದ ನೆಂಟರ ಮುಂದೆಯೇ ಕೀರ್ತಿ ಕೇಳಿಬಿಟ್ಟ. ಕುಶಾಲಪ್ಪ ಬಾಯಲ್ಲಿದ್ದ ಹಂದಿ ತುಂಡನ್ನು ನಿಧಾನವಾಗಿ ನುಂಗಿ ನಕ್ಕ.

"ಬೆಸುಗೆ ಹಾಕೋನ ಹೆಸರು ಹಾಕಿದ್ರೆ ಕಾಫಿ ತಂದ್ಕೊಡೋರ ಹೆಸರೂ ಹಾಕ್ಬೇಕಾಗ್ತದೆ ಮಾರಾಯ. ಬ್ಲೂಸ್‌ಗೆ ಕಿವಿ ಬೇಕು, ಸ್ಕ್ರೂಡ್ರೈವರ್ ಅಲ್ಲ."

ನೆಂಟರೆಲ್ಲ ನಕ್ಕರು. ಹಂದಿ ತಿನ್ನದ ಕೀರ್ತಿ ತನಗೆಂದು ಬೇರೆಯಾಗಿ ಬಡಿಸಿದ್ದ ಕಡುಬನ್ನು ಎಲೆಯಲ್ಲೇ ಬಿಟ್ಟು ಎದ್ದ. ಅಂದಿನಿಂದ ಎದುರಿಗೆ ಮಾತ್ರ 'ಸಾರ್', ಮನಸ್ಸಿನಲ್ಲಿ 'ಮುದುಕ'. ಟೇಪು ಕೂದಲೆಳೆಯಷ್ಟು ನಿಧಾನವಾಗಿ ಓಡಿದರೂ ಹಿಡಿಯುವ ಕಿವಿ ತನ್ನದು. ಆ ಮುದುಕನಿಗೆ ಎಡ ಸ್ಪೀಕರು ಸತ್ತುಹೋಗಿ ಎರಡು ತಿಂಗಳಾದರೂ ಗೊತ್ತಾಗಿರಲಿಲ್ಲ. ಅಂಥವನು ಕಿವಿಯ ಮಾತಾಡುತ್ತಾನೆ!

ಟೇಪಿನ ಬೆಲೆ ಏನೆಂದು ಕೀರ್ತಿಗೆ ಚೆನ್ನಾಗಿ ಗೊತ್ತಿತ್ತು. ಹಡಗಿನಲ್ಲಿ ಇಂಜಿನಿಯರಾಗಿದ್ದ ಕುಶಾಲಪ್ಪನ ಸೋದರಮಾವ, ಶಿಕಾಗೋದಲ್ಲಿ ಬಾಗಿಲು ಮುಚ್ಚುತ್ತಿದ್ದ ಸ್ಟುಡಿಯೋ ಒಂದರಿಂದ ಅದನ್ನು ತಂದಿದ್ದ. ಲೆಮ್ ಗ್ರೇಡಿ ಗಿಟಾರ್ ನುಡಿಸಿದ ದಿನ ತಿರುಗುತ್ತಿದ್ದ ಟೇಪು ಅದೇ, ಲೋಕದಲ್ಲಿ ಇನ್ನೊಂದಿಲ್ಲ. ಹಳೆಯ ಬ್ಲೂಸ್ ಆಲ್ಬಮ್ಮುಗಳನ್ನು ಹೈ-ರೆಸಲ್ಯೂಷನ್‌ನಲ್ಲಿ, ಅಂದರೆ ಬೆರಳು ತಂತಿ ಬಿಡುವ ಸದ್ದೂ ಕೇಳುವಷ್ಟು ಸೂಕ್ಷ್ಮವಾಗಿ, ಮತ್ತೆ ಹೊರತರುವ ಆ ಕಂಪನಿ ಅದಕ್ಕಾಗಿ ಮೂರು ವರ್ಷ ಪತ್ರ ಬರೆದಿತ್ತು. ಜನವರಿಯಲ್ಲಿ ಟೇಪು ಜರ್ಮನಿಗೆ ಹೋಗುವುದಿತ್ತು. ಅದಕ್ಕೆ ಮೊದಲು ಒಮ್ಮೆ ಶುಚಿ ಮಾಡಬೇಕು, ಸಡಿಲವಾದ ಜೋಡಣೆಗಳನ್ನು ಬಿಗಿ ಮಾಡಬೇಕು. ಈ ಕೆಲಸಕ್ಕೆ ಮುದುಕನ ಕೈ ನಡುಗುತ್ತದೆ. ಟೇಪನ್ನು ಡಬ್ಬಿಯ ಸಮೇತ ಬಟ್ಟೆಯಲ್ಲಿ ಸುತ್ತಿ ಕೀರ್ತಿಯ ಕೈಗೇ ಕೊಟ್ಟ. ಮೂರು ದಿನ ಅದು ಸುಂಟಿಕೊಪ್ಪದಾಚೆ, ಕಾಫಿ ಎಸ್ಟೇಟೊಂದಕ್ಕೆ ಅಂಟಿಕೊಂಡ ಕೀರ್ತಿಯ ಮನೆಯ ವರ್ಕ್‌ಶಾಪಿನಲ್ಲಿತ್ತು.

ಆ ಮೂರು ದಿನವೇ ಸಾಕಾಗಿತ್ತು. ಅದೇ ಕಾಲದ, ಅದೇ ಕಂಪನಿಯ ಖಾಲಿ ಟೇಪನ್ನು ಕೀರ್ತಿ ಬೆಂಗಳೂರಿನ ಗುಜರಿಯವನಿಂದ ಮೊದಲೇ ತರಿಸಿಟ್ಟಿದ್ದ. ಎರಡು ಯಂತ್ರಗಳಲ್ಲಿ ಟೇಪು ಉಜ್ಜಿಕೊಂಡು ಹೋಗುವ ಹೆಡ್ಡುಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೂಲವನ್ನು ಒಂದರಲ್ಲಿ ಓಡಿಸಿ ಇನ್ನೊಂದರಲ್ಲಿ ಇಳಿಸಿಕೊಂಡ. ಅಮೆರಿಕದ ಕರೆಂಟಿನ ಗುಂಯ್ ಬೇರೆ, ನಮ್ಮ ಕರೆಂಟಿನ ಗುಂಯ್ ಬೇರೆ. ನಮ್ಮದು ಒಂದು ಚೂರು ಸೇರಿಕೊಂಡರೂ ಜರ್ಮನಿಯವರು ಹಿಡಿದುಬಿಡುತ್ತಾರೆ. ಅದಕ್ಕೇ ಮನೆಯ ಕರೆಂಟನ್ನು ಮುಟ್ಟದೆ ಎರಡೂ ಯಂತ್ರಗಳನ್ನು ಲಾರಿ ಬ್ಯಾಟರಿಗಳಿಂದ ಓಡಿಸಿದ. ಇಷ್ಟು ದೂರ ಯೋಚಿಸುವವರು ಈ ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ. ಮೂಲದ ತುದಿಯಲ್ಲಿದ್ದ ಬಿಳಿ ಪಟ್ಟಿಯನ್ನೂ ಹಳದಿಗಟ್ಟಿದ ಚೀಟಿಯನ್ನೂ ಬಿಡಿಸಿ ನಕಲಿಗೆ ಅಂಟಿಸಿದ. ಹೇಗೂ ಡಬ್ಬಿ ಅಸಲಿಯೇ. ನಕಲನ್ನು ಅದೇ ಕೋಣೆಯಲ್ಲಿ ನಲವತ್ತು ಸಲ ಹಾಕಿ, ಕಣ್ಣು ಮುಚ್ಚಿ ಕೇಳಿದ. ಒಂದೇ ಒಂದು ತಪ್ಪಿಲ್ಲ. ಮೂಲ ಟೇಪು ಕೆಟ್ಟುಹೋದ ಸ್ಪೀಕರು ಪೆಟ್ಟಿಗೆಯೊಂದರ ಹೊಟ್ಟೆ ಸೇರಿತು.

ಮುಂದಿನದು ಇನ್ನೂ ಸಿಹಿ. ಆಲ್ಬಮ್ ಹೊರಬರಲಿ, ಮುದುಕ ಕವರಿನ ಮೇಲಿನ ಹೆಸರನ್ನು ಊರಿಗೆಲ್ಲ ತೋರಿಸಿಕೊಂಡು ಬರಲಿ. ಆಮೇಲೆ ಜಪಾನಿನ ಸಂಗ್ರಾಹಕನೊಬ್ಬ, ಅಸಲಿ ಟೇಪು ತನ್ನ ಹತ್ತಿರ ಇದೆಯೆಂದು ಸಾರುತ್ತಾನೆ. ಕೀರ್ತಿ ಟೇಪನ್ನು ಅವನಿಗೆ ಮಾರುವುದು, ಅವನು ಕೀರ್ತಿಯ ಹೆಸರು ಎತ್ತದಿರುವುದು ಎಂದು ಮಾತಾಗಿತ್ತು. ಆಗ ಜಗತ್ತು ಕೇಳುವುದು ಒಂದೇ ಪ್ರಶ್ನೆ: ಹಾಗಾದರೆ ಕುಶಾಲಪ್ಪ ಕೊಟ್ಟದ್ದೇನು? ಅಸಲಿಯನ್ನು ಕದ್ದು ಮಾರಿ ನಕಲಿಗೆ ತನ್ನ ಹೆಸರು ಹಾಕಿಸಿಕೊಂಡ ದಗಲ್ಬಾಜಿ ಎಂದು ಉಗಿಯುತ್ತಾರೆ. 'ಕೀರ್ತಿ ಕೈಗೆ ಕೊಟ್ಟಿದ್ದೆ' ಎನ್ನಲು ಅವನಿಗೆ ಬಾಯಿಲ್ಲ. ಟೇಪು ನನ್ನ ಮನೆಯ ಹೊಸ್ತಿಲು ದಾಟಿಲ್ಲ, ಶುಚಿ ಮಾಡಿದವನೂ ನಾನೇ ಎಂದು ಆ ಜಂಬದ ಮುದುಕ ಕಂಪನಿಗೆ ಸಹಿ ಹಾಕಿ ಬರೆದುಕೊಟ್ಟಿದ್ದ. ಆ ಪತ್ರವನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಟ್ಟವನೇ ಕೀರ್ತಿ. ಟೈಪು ಮಾಡುವಾಗ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಮಾರ್ಚ್ ಮೊದಲ ವಾರ ಜರ್ಮನಿಯಿಂದ ಹಾಡುಗಳ ಫೈಲು ಬಂತು. ಕುಶಾಲಪ್ಪನೇ ಕರೆದ. ಸಂಜೆ ನಾಲ್ಕಕ್ಕೆ ತಿತಿಮತಿಯ ಹಜಾರದಲ್ಲಿ, ತಾನೇ ರಿಪೇರಿ ಮಾಡಿದ ಸ್ಪೀಕರುಗಳ ಮುಂದೆ, ಕೀರ್ತಿ ಕಾಲ ಮೇಲೆ ಕಾಲು ಹಾಕಿ ಕುಳಿತ. ಲೆಮ್ ಗ್ರೇಡಿಯ ಗಿಟಾರು ಕೋಣೆಯೊಳಗೇ ಬಂದು ಕುಳಿತಂತಿತ್ತು. ತನ್ನ ಕೆಲಸ ಎಷ್ಟು ಅಚ್ಚುಕಟ್ಟು ಎಂದು ಅವನ ಎದೆ ಉಬ್ಬಿತು.

"ಕೀರ್ತಿ, ಅವ್ರು ಒಂದು ವಿಷಯ ಕೇಳಿದಾರೆ," ಎಂದ ಕುಶಾಲಪ್ಪ, ಕಾಗದ ನೋಡುತ್ತ. "ಗಿಟಾರಿನ ಅಡಿಯಲ್ಲಿ ಏನೋ ಟಕ್ ಟಕ್ ಅಂತ ಅದೆಯಂತೆ. ನಿಮಿಷಕ್ಕೆ ಐವತ್ತು. ತಾಳಕ್ಕೆ ಕೂಡೋದಿಲ್ಲ. ಹಳೇ ರೆಕಾರ್ಡಲ್ಲಿ ಅದು ಇಲ್ವಂತೆ."

"ಧೂಳಿರ್ಬೇಕು ಸಾರ್. ನಂಗೇನೂ ಕೇಳಿಸ್ತಿಲ್ಲ," ಎಂದ ಕೀರ್ತಿ. ನಿಜಕ್ಕೂ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ.

ಕುಶಾಲಪ್ಪ ಹಾಡಿನ ಕೊನೆಯ ಮೌನಕ್ಕೆ ಬಂದು, ಅಷ್ಟೇ ಭಾಗ ಮತ್ತೆ ಮತ್ತೆ ಬರುವ ಹಾಗೆ ಮಾಡಿ, ವಾಲ್ಯೂಮನ್ನು ಪೂರ್ತಿ ಏರಿಸಿದ. ಅವನ ಹೆಂಡತಿ ಪ್ರೇಮಾವತಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಬ್ಲೂಸ್ ಎಂದರೆ ತಲೆನೋವು ಎನ್ನುವ ಹೆಂಗಸು ತಲೆ ವಾರೆ ಮಾಡಿ ಕೇಳಿದಳು.

"ಅಯ್ಯೋ, ಇದು ಕೀರ್ತಿ ಮನೆ ಫೋನಲ್ವಾ? ಅಲ್ಲಿ ಮೊಬೈಲ್ ರೇಂಜಿಲ್ಲ ಅಂತ ಲ್ಯಾಂಡ್‌ಲೈನಿಗೆ ಮಾಡಿದ್ರೆ ಪ್ರತಿ ಸಲ ಇದೇ ಟಕ್ ಟಕ್. ನಾನು ಎಷ್ಟು ಸಲ ಅಂದಿದೀನಿ ಕೀರ್ತಿ, ನಿಮ್ಮ ಲೈನ್ ಸರಿ ಮಾಡಿಸಿ ಅಂತ."

ಕುಶಾಲಪ್ಪ ಎದ್ದ. ಮೂಲೆಯ ಫೋನಿನ ಹತ್ತಿರ ಹೋಗಿ ನಂಬರು ಒತ್ತಿ, ಅದರ ಸ್ಪೀಕರ್ ಗುಂಡಿ ಅದುಮಿದ. ಕೀರ್ತಿಯ ಹೆಂಡತಿ ಸೌಜನ್ಯ ಆ ಕಡೆ ಎತ್ತಿದಳು.

ಅವಳ ದನಿಯ ಹಿಂದೆ ಟಕ್ ಎಂದಿತು, ಮತ್ತೆ ಟಕ್; ಹಜಾರದ ಸ್ಪೀಕರುಗಳಲ್ಲೂ ಅದೇ ಲೆಕ್ಕದಲ್ಲಿ ಟಕ್, ಟಕ್. ಕೀರ್ತಿ ಅದನ್ನು ಆಗ ಕೇಳಿಸಿಕೊಂಡ, ಎಷ್ಟೋ ವರ್ಷಗಳ ಮೇಲೆ ಮೊದಲ ಸಲ. ಕುಶಾಲಪ್ಪನ ತೋಟಕ್ಕೆ ಆನೆ ಬಾರದಂತೆ ರೈಲುಕಂಬಿಯ ತಡೆಯಿದೆ, ಶಾಕ್ ಕೊಡುವ ತಂತಿಯಿಲ್ಲ. ಕೀರ್ತಿಯ ವರ್ಕ್‌ಶಾಪಿನ ಹಿಂದೆಯೋ, ಪಕ್ಕದ ಎಸ್ಟೇಟಿನವರು ಆನೆಗೆಂದು ಎಳೆದ ಸೋಲಾರ್ ಬೇಲಿ ಹಗಲೂ ರಾತ್ರಿ ಸೆಕೆಂಡಿಗೊಮ್ಮೆ ಎನ್ನುವ ಹಾಗೆ ಶಾಕ್ ಬಿಡುತ್ತಿತ್ತು. ಅದರ ಮಿಡಿತ ಅವನ ಫೋನಿಗೆ, ರೇಡಿಯೋಗೆ, ಯಂತ್ರಗಳ ವೈರಿಗೆ ನುಗ್ಗುತ್ತಲೇ ಇತ್ತು. ಲಾರಿ ಬ್ಯಾಟರಿ ಅದನ್ನು ತಡೆಯುವುದಿಲ್ಲ. ಶುಚಿ ಮಾಡಿದ ಮಾತ್ರಕ್ಕೆ ಅದು ಟೇಪಿಗೆ ಅಂಟುವುದೂ ಇಲ್ಲ; ಅಲ್ಲಿ ಹೊಸದಾಗಿ ಇಳಿಸಿಕೊಂಡ ಟೇಪಿನಲ್ಲಿ ಮಾತ್ರ ಅದು ಇರಲು ಸಾಧ್ಯ. ಅದರ ಪಕ್ಕದಲ್ಲೇ ಬದುಕಿ ಬದುಕಿ ಅವನ ಕಿವಿ ಅದನ್ನು ಕೇಳುವುದನ್ನೇ ಬಿಟ್ಟಿತ್ತು. "ಹಲೋ, ಯಾರು ಮಾತಾಡೋದು?" ಎಂದು ಸೌಜನ್ಯ ಕೇಳುತ್ತಲೇ ಇದ್ದಳು. ಕುಶಾಲಪ್ಪ ಕೀರ್ತಿಯ ಮುಖವನ್ನೇ ನೋಡುತ್ತ ನಿಂತಿದ್ದ.